ಇನ್‌ಹೇಲರ್ ಎಳೆದ ಮೇಲೆ ಕೋಶದೊಳಗೆ ನಡೆಯುವುದೇನು?

ಆಟಿಯ ಮಳೆ ಹಿಡಿದು ಗೋಡೆಗಳಲ್ಲಿ ಬೂಷ್ಟು ಏಳುವ ಹೊತ್ತಿಗೆ ಮಂಗಳೂರಿನಲ್ಲಿ ನಮ್ಮ ಬಳಿಗೆ ಬರುವ ಉಬ್ಬಸದವರ ಸಂಖ್ಯೆ ಏರುತ್ತದೆ. ಉಳ್ಳಾಲದಿಂದ ಬಂದವರಿರಲಿ, ಬಂಟ್ವಾಳದಿಂದ ಬಂದವರಿರಲಿ, ಅನೇಕರ ಕೈಯಲ್ಲಿ ಸಾಲ್ಬುಟಮಾಲ್ ಇನ್‌ಹೇಲರ್ ಇರುತ್ತದೆ. "ಇದನ್ನು ಎಳೆದರೆ ಐದು ನಿಮಿಷದಲ್ಲಿ ದಮ್ಮು ಇಳಿಯುತ್ತದೆ ಡಾಕ್ಟರೇ, ಜೊತೆಗೆ ಸ್ಟೀರಾಯ್ಡ್ ಇನ್‌ಹೇಲರ್ ಬೇರೆ ಯಾಕೆ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಅಣುಗಳ ಮಟ್ಟಕ್ಕೆ ಇಳಿದೇ ಉತ್ತರಿಸಬೇಕು.

ಸಾಲ್ಬುಟಮಾಲ್ ಕೆಲಸ ಮಾಡಲು ಕೋಶದ ಒಳಗೆ ಹೋಗಬೇಕಾಗಿಲ್ಲ. ಶ್ವಾಸನಾಳದ ಸ್ನಾಯುಕೋಶದ ಪೊರೆಯನ್ನು ಏಳು ಸುರುಳಿಗಳಾಗಿ ಏಳು ಬಾರಿ ಹಾದುಹೋಗುವ ಬೀಟಾ-2 ಗ್ರಾಹಕ ಎಂಬ ಪ್ರೋಟೀನಿದೆ. ಹೊರಮುಖದಲ್ಲಿರುವ ಅದರ ಕುಳಿಯಲ್ಲಿ ಔಷಧ ಕುಳಿತುಕೊಳ್ಳುತ್ತದೆ. ಅಲ್ಲಿಂದ ಗ್ರಾಹಕದ ಆಕಾರ ಬದಲಾಗತೊಡಗುತ್ತದೆ. ಆರನೆಯ ಸುರುಳಿಯ ಒಳತುದಿ ಸುಮಾರು 1.4 ನ್ಯಾನೊಮೀಟರ್‌ನಷ್ಟು ಹೊರಕ್ಕೆ ವಾಲಿ, ಕೋಶದ ಒಳಮುಖದಲ್ಲಿ ಒಂದು ಪೊಟರೆ ತೆರೆದುಕೊಳ್ಳುತ್ತದೆ.

ಒಳಗೆ ಸಂಕೇತವನ್ನು ಮುಂದಕ್ಕೆ ದಾಟಿಸುವ ಜಿ-ಪ್ರೋಟೀನು ಇದೆ. ಅದಕ್ಕೆ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಭಾಗಗಳು. ಅದರ ಆಲ್ಫಾ ಭಾಗ ವಿಶ್ರಾಂತಿಯಲ್ಲಿರುವಾಗ ಗ್ವಾನೊಸಿನ್ ಡೈಫಾಸ್ಫೇಟ್ ಎಂಬ ಎರಡು ಫಾಸ್ಫೇಟಿನ ಅಣುವನ್ನು, ಅಂದರೆ ಜಿಡಿಪಿಯನ್ನು, ಬಿಗಿಯಾಗಿ ಹಿಡಿದಿರುತ್ತದೆ. ಗ್ರಾಹಕವು ಈ ಜಿಡಿಪಿಗೆ ಇನ್ನೊಂದು ಫಾಸ್ಫೇಟ್ ಸೇರಿಸಿ ಜಿಟಿಪಿ ಮಾಡುತ್ತದೆ ಎಂದು ವೈದ್ಯಕೀಯ ವಿದ್ಯಾರ್ಥಿಗಳೂ ಬರೆಯುವುದುಂಟು. ಹಾಗಲ್ಲ. ಗ್ರಾಹಕ ಏನನ್ನೂ ಸೇರಿಸುವುದಿಲ್ಲ. ಹಿಡಿದದ್ದನ್ನು ಬಿಡಿಸುತ್ತದೆ, ಅಷ್ಟೇ. ಆಲ್ಫಾ ಭಾಗದ ಕೊನೆಯ ಸುರುಳಿ ಆ ಪೊಟರೆಯೊಳಗೆ ತೂರಿಕೊಂಡಾಗ ಜಿಡಿಪಿಯ ಮೇಲಿನ ಹಿಡಿತ ಸಡಿಲಗೊಂಡು ಅದು ಜಾರಿಹೋಗುತ್ತದೆ. ಕೋಶದಲ್ಲಿ ಜಿಟಿಪಿಯೇ ಹೇರಳವಾಗಿರುವುದರಿಂದ ಖಾಲಿ ಜಾಗಕ್ಕೆ ಅದು ಬಂದು ಸೇರುತ್ತದೆ. ಅಮೆರಿಕದ ವಿಜ್ಞಾನಿ ಬ್ರಿಯಾನ್ ಕೋಬಿಲ್ಕಾ ಅವರ ತಂಡ 2011ರಲ್ಲಿ ಬೀಟಾ-2 ಗ್ರಾಹಕ ಮತ್ತು ಜಿ-ಪ್ರೋಟೀನಿನ ಜೋಡಿಯನ್ನು ಹರಳುಗಟ್ಟಿಸಿ ಚಿತ್ರಿಸಿದ್ದು ನಡುವಿನ ಈ ಖಾಲಿ ಸ್ಥಿತಿಯನ್ನೇ. ಆಲ್ಫಾ ಭಾಗದ ಒಂದು ತುಂಡು ಸುಮಾರು 127 ಡಿಗ್ರಿ ತಿರುಗಿ ಬಾಯ್ತೆರೆದು ನಿಂತಿರುವುದು ಅದರಲ್ಲಿ ಕಾಣುತ್ತದೆ. ಆ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯುವುದಿಲ್ಲ. ಮರುವರ್ಷ ಕೋಬಿಲ್ಕಾ ಮತ್ತು ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಮುಂದಿನದು ಬೇಗ ಮುಗಿಯುತ್ತದೆ. ಜಿಟಿಪಿ ಹಿಡಿದ ಆಲ್ಫಾ ಭಾಗ ಬೀಟಾ-ಗಾಮಾ ಜೋಡಿಯಿಂದ ಬೇರ್ಪಟ್ಟು ಅಡಿನೈಲಿಲ್ ಸೈಕ್ಲೇಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವ ತಯಾರಿಸುವ, ಕೋಶದೊಳಗೆ ಸಂಕೇತ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ಹೆಚ್ಚಿ ಸ್ನಾಯು ಸಡಿಲಗೊಳ್ಳುತ್ತದೆ. ಆಲ್ಫಾ ಭಾಗ ತನ್ನಲ್ಲಿರುವ ಜಿಟಿಪಿಯನ್ನು ತಾನೇ ಕತ್ತರಿಸಿ ಮತ್ತೆ ಸುಮ್ಮನಾಗುತ್ತದೆ. ಕಾಲರಾ ವಿಷ ತಡೆಯುವುದು ಈ ಕತ್ತರಿಸುವಿಕೆಯನ್ನೇ. ಕರುಳಿನ ಕೋಶಗಳಲ್ಲಿ ಸಂಕೇತ ನಿಲ್ಲದೆ ನೀರು ಸುರಿದುಹೋಗುತ್ತದೆ.

ಈಗ ರೋಗಿಯ ಪ್ರಶ್ನೆ. ಸಾಲ್ಬುಟಮಾಲ್ ಪದೇ ಪದೇ ಬಂದು ಕೂರುತ್ತಿದ್ದರೆ ಕೋಶ ಗ್ರಾಹಕದ ಒಳತುದಿಗೆ ಫಾಸ್ಫೇಟ್ ಅಂಟಿಸುತ್ತದೆ. ಅರೆಸ್ಟಿನ್ ಎಂಬ ಪ್ರೋಟೀನು ಬಂದು ಜಿ-ಪ್ರೋಟೀನಿಗೆ ಜಾಗವಿಲ್ಲದಂತೆ ಅಡ್ಡ ನಿಲ್ಲುತ್ತದೆ. ಗ್ರಾಹಕವನ್ನು ಪೊರೆಯಿಂದ ಒಳಕ್ಕೆ ಎಳೆದುಕೊಳ್ಳಲಾಗುತ್ತದೆ. ಹೀಗೆ ಔಷಧದ ಫಲ ಕುಗ್ಗುತ್ತಾ ಹೋಗುತ್ತದೆ. ಇತ್ತ ಶ್ವಾಸನಾಳದ ಉರಿಯೂತವನ್ನು ಸಾಲ್ಬುಟಮಾಲ್ ಮುಟ್ಟುವುದೇ ಇಲ್ಲ. ಎಳೆದುಕೊಳ್ಳುವ ಸ್ಟೀರಾಯ್ಡ್ ಆ ಉರಿಯೂತವನ್ನು ಇಳಿಸುತ್ತದೆ, ಜೊತೆಗೆ ಕೋಶವು ಹೊಸ ಬೀಟಾ-2 ಗ್ರಾಹಕಗಳನ್ನು ತಯಾರಿಸುವಂತೆಯೂ ಮಾಡುತ್ತದೆ. ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸಾಲ್ಬುಟಮಾಲ್‌ನಂಥ ಔಷಧವೊಂದನ್ನೇ ಕೊಡಬಾರದು ಎಂದು ಜಾಗತಿಕ ಉಬ್ಬಸ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಆದ್ದರಿಂದ ವೈದ್ಯರು ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಟ್ಟಿದ್ದರೆ, ಉಸಿರು ಸಲೀಸಾಗಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಎಳೆದ ಮೇಲೆ ಪ್ರತಿ ಸಲ ನೀರಿನಿಂದ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲವಾದರೆ ಬಾಯಿಯಲ್ಲಿ ಶಿಲೀಂಧ್ರದ ಸೋಂಕು ಬರಬಹುದು.