ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವಿಟಮಿನ್ ಡಿ: ಕೊಡಬೇಕೆ, ಕೊಟ್ಟರೆ ಎಷ್ಟು?

ಪ್ರಶ್ನೆ: ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿದೆ. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಮೂಳೆಗೆಂದು ಇನ್ನೊಂದು ಇಂಜೆಕ್ಷನ್ ಶುರುಮಾಡುವುದಾಗಿ ಹೇಳಿದ್ದಾರೆ. ವಿಟಮಿನ್ ಡಿ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕ್ಯಾನ್ಸರ್ ಹತೋಟಿಗೆ ಬರುತ್ತದೆ ಎಂದು ಪರಿಚಯದವರು ಹೇಳುತ್ತಿದ್ದಾರೆ. ಇದು ನಿಜವೇ? ಕೊಡುವುದಾದರೆ ಎಷ್ಟು ಕೊಡಬೇಕು?

ಉತ್ತರ: ಕ್ಯಾನ್ಸರ್ ಹತೋಟಿಗೆ ಬರಲೆಂದು ವಿಟಮಿನ್ ಡಿ ಕೊಡಲು ಈವರೆಗೆ ತಕ್ಕ ಆಧಾರವಿಲ್ಲ. ಆದರೆ ನಿಮ್ಮ ತಂದೆಯವರ ಸ್ಥಿತಿಯಲ್ಲಿರುವವರಿಗೆ ವಿಟಮಿನ್ ಡಿ ಕೊರತೆ ಇರಕೂಡದು ಎಂಬುದಕ್ಕೆ ಬಲವಾದ ಕಾರಣಗಳಿವೆ, ಮತ್ತು ಆ ಕಾರಣಗಳೆಲ್ಲ ಮೂಳೆಗೂ ರಕ್ತದ ಕ್ಯಾಲ್ಸಿಯಂಗೂ ಸಂಬಂಧಿಸಿದವು. ಮೂಳೆಯ ಇಂಜೆಕ್ಷನ್ ಶುರುವಾಗಲಿದೆ ಎಂದು ನೀವು ಬರೆದಿರುವುದರಿಂದ ಈ ವಿಷಯ ಇನ್ನಷ್ಟು ಮುಖ್ಯವಾಗುತ್ತದೆ.

ನಿಮ್ಮ ಪರಿಚಯದವರ ಮಾತು ಬುಡವಿಲ್ಲದ್ದೇನಲ್ಲ. ಬಿಸಿಲು ಕಡಿಮೆಯಿರುವ ಪ್ರದೇಶಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸಾಯುವವರು ಹೆಚ್ಚು ಎಂಬ ಗಮನಿಕೆಯ ಮೇಲೆ, ಇದಕ್ಕೆ ವಿಟಮಿನ್ ಡಿ ಕೊರತೆಯೇ ಕಾರಣವಿರಬಹುದು ಎಂಬ ಊಹೆಯನ್ನು ಸಂಶೋಧಕರು 1990ರ ಸುಮಾರಿಗೆ ಮುಂದಿಟ್ಟರು. ಈ ವಿಟಮಿನ್ನಿನ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಿಯಾಲ್ ಪ್ರಯೋಗಾಲಯದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಿದ್ದೂ ನಿಜ. ಹೀಗಾಗಿ ಅದನ್ನು ರೋಗಿಗಳಲ್ಲಿಯೇ ಪರೀಕ್ಷಿಸಲಾಯಿತು. ಡೋಸಿಟ್ಯಾಕ್ಸೆಲ್ ಕೀಮೋಥೆರಪಿಯ ಜೊತೆಗೆ ಹೆಚ್ಚಿನ ಪ್ರಮಾಣದ ಕ್ಯಾಲ್ಸಿಟ್ರಿಯಾಲ್ ಕೊಟ್ಟ ಮೊದಲ ಅಧ್ಯಯನದಲ್ಲಿ 250 ಮಂದಿ ಇದ್ದರು, ಫಲಿತಾಂಶ ಆಸೆ ಹುಟ್ಟಿಸುವಂತಿತ್ತು. ಅದನ್ನು ದೃಢಪಡಿಸಲು 953 ಮಂದಿಯೊಂದಿಗೆ ನಡೆದ ಮೂರನೆಯ ಹಂತದ ಅಧ್ಯಯನವನ್ನು 2007ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ಕ್ಯಾಲ್ಸಿಟ್ರಿಯಾಲ್ ಪಡೆದವರ ಗುಂಪಿನಲ್ಲೇ ಸಾವುಗಳು ಹೆಚ್ಚಾಗಿದ್ದವು. ಆ ಗುಂಪಿನ ಮಧ್ಯಮ ಬದುಕುಳಿಕೆ (ಅಂದರೆ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) 17.8 ತಿಂಗಳು, ಇನ್ನೊಂದು ಗುಂಪಿನದು 20.2 ತಿಂಗಳು. ಎರಡು ಗುಂಪುಗಳಿಗೆ ಕೀಮೋಥೆರಪಿ ಕೊಟ್ಟ ಕ್ರಮವೂ ಬೇರೆಬೇರೆಯಾಗಿತ್ತು, ಕ್ಯಾಲ್ಸಿಟ್ರಿಯಾಲ್ ಗುಂಪಿಗೆ ವಾರಕ್ಕೊಮ್ಮೆ, ಇನ್ನೊಂದು ಗುಂಪಿಗೆ ಮೂರು ವಾರಕ್ಕೊಮ್ಮೆ. ಆದ್ದರಿಂದ ಇಡೀ ದೋಷವನ್ನು ಕ್ಯಾಲ್ಸಿಟ್ರಿಯಾಲ್ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ‘ಹೆಚ್ಚು ಕೊಟ್ಟರೆ ಹೆಚ್ಚು ಲಾಭ’ ಎಂಬ ನಂಬಿಕೆ ಅಲ್ಲಿಗೆ ಮುರಿದುಬಿತ್ತು.

ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ವೈಟಲ್’ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಕೊಟ್ಟರೂ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. ಅವರೆಲ್ಲ ಅಧ್ಯಯನ ಶುರುವಾದಾಗ ಕ್ಯಾನ್ಸರ್ ಇಲ್ಲದವರು, ಹಾಗಾಗಿ ಈ ಫಲಿತಾಂಶವನ್ನು ನಿಮ್ಮ ತಂದೆಯವರಿಗೆ ನೇರವಾಗಿ ಅನ್ವಯಿಸಲಾಗದು. ಅದನ್ನು ಇಲ್ಲಿ ಹೇಳಿದ್ದು, ವಿಟಮಿನ್ ಡಿ ಪರವಾಗಿಯೂ ವಿರೋಧವಾಗಿಯೂ ಅದನ್ನೇ ಉದಾಹರಿಸುವವರು ಸಿಗುತ್ತಾರೆ ಎಂಬ ಕಾರಣಕ್ಕೆ.

ಇನ್ನು ಮೂಳೆಯ ವಿಷಯ. ಹಾರ್ಮೋನ್ ಇಂಜೆಕ್ಷನ್ನಿನ ಉದ್ದೇಶ ಟೆಸ್ಟೋಸ್ಟಿರಾನ್ ಅನ್ನು ತೀರಾ ಕೆಳಮಟ್ಟಕ್ಕೆ ಇಳಿಸುವುದು. ಗಂಡಸರ ದೇಹದಲ್ಲಿ ಟೆಸ್ಟೋಸ್ಟಿರಾನಿನ ಒಂದು ಭಾಗ ಈಸ್ಟ್ರೊಜೆನ್ ಆಗಿ ಮಾರ್ಪಡುತ್ತದೆ, ಮೂಳೆಯನ್ನು ಗಟ್ಟಿಯಾಗಿ ಇಟ್ಟಿರುವುದರಲ್ಲಿ ಈ ಈಸ್ಟ್ರೊಜೆನ್ನಿನ ಪಾತ್ರ ದೊಡ್ಡದು. ಮೂಲವೇ ಬತ್ತಿದಾಗ ಎರಡೂ ಕುಸಿಯುತ್ತವೆ, ಹಳೆಯ ಮೂಳೆಯನ್ನು ಕರಗಿಸುವ ಕೋಶಗಳ ಕೈ ಮೇಲಾಗುತ್ತದೆ. ಚಿಕಿತ್ಸೆಯ ಮೊದಲ ವರ್ಷದಲ್ಲೇ ಈ ಸವೆತ ಅತ್ಯಂತ ವೇಗವಾಗಿರುತ್ತದೆ. ಟೆಸ್ಟೋಸ್ಟಿರಾನನ್ನು ಇನ್ನಷ್ಟು ತಗ್ಗಿಸುವ ಅಬಿರಾಟೆರೋನ್ ಮಾತ್ರೆ ಸೇರಿದರೆ ಅದರ ಜೊತೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೂಡ ಇರುತ್ತದೆ, ಅದೂ ಮೂಳೆಯನ್ನು ತೆಳುವಾಗಿಸುವಂಥದ್ದು. ಇಂಥ ರೋಗಿಗಳ ಮೂಳೆ ಮುರಿದರೆ ಕ್ಯಾನ್ಸರ್ ಗಡ್ಡೆಯೇ ಮುರಿಯಿತೆಂದು ಮನೆಯವರು ಭಾವಿಸುವುದುಂಟು, ಆದರೆ ಗಡ್ಡೆ ಇಲ್ಲದ ಜಾಗದಲ್ಲಿ ಕೇವಲ ಸವೆತದಿಂದ ಮುರಿಯುವುದೂ ಸಾಮಾನ್ಯವೇ.

ಈ ಸವೆತವನ್ನು ವಿಟಮಿನ್ ಡಿ ಒಂದೇ ತಡೆಯಬಲ್ಲದೇ ಎಂದರೆ, ಇಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂಳೆಗೆ ಹರಡದ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿದ್ದ ಗಂಡಸರಿಗೆಲ್ಲ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟು, ಅರ್ಧದಷ್ಟು ಮಂದಿಗೆ ಮೂಳೆ ಕರಗುವುದನ್ನು ತಡೆಯುವ ಡೆನೊಸುಮ್ಯಾಬ್ ಇಂಜೆಕ್ಷನ್ನನ್ನೂ ಆರು ತಿಂಗಳಿಗೊಮ್ಮೆ 60 ಮಿ.ಗ್ರಾಂನಂತೆ ಕೊಡಲಾಯಿತು. ಎರಡು ವರ್ಷದಲ್ಲಿ ಇಂಜೆಕ್ಷನ್ ಪಡೆದವರ ಸೊಂಟಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ. 5.6ರಷ್ಟು ಏರಿತು, ಕ್ಯಾಲ್ಸಿಯಂ ಮತ್ತು ವಿಟಮಿನ್ ಮಾತ್ರ ಪಡೆದವರದು ಶೇ. 1ರಷ್ಟು ಇಳಿಯಿತು. ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ ಕಂಡವರು ಕ್ರಮವಾಗಿ ಶೇ. 1.5 ಮತ್ತು ಶೇ. 3.9. ಗೋಡೆ ಕಟ್ಟುವವನಿಲ್ಲದಿದ್ದರೆ ಇಟ್ಟಿಗೆ ತಂದು ಸುರಿದು ಫಲವಿಲ್ಲ, ಹಾಗೆಯೇ ಇದು. ಆದರೆ ಇಟ್ಟಿಗೆಯೂ ಬೇಕಲ್ಲ, ಅದೇ ನಿಮ್ಮ ತಂದೆಯವರ ವಿಷಯದಲ್ಲಿ ಗಮನಿಸಬೇಕಾದದ್ದು.

ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಬಹುತೇಕ ಕ್ಯಾನ್ಸರ್‌ಗಳಂತೆ ಮೂಳೆಯನ್ನು ಕೊರೆಯುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಅಡ್ಡಾದಿಡ್ಡಿಯಾಗಿ ಹೊಸ ಮೂಳೆಯನ್ನು ಬೆಳೆಸುತ್ತದೆ. ಆ ಬೆಳವಣಿಗೆಗೆ ಬೇಕಾದ ಕ್ಯಾಲ್ಸಿಯಂ ರಕ್ತದಿಂದ ಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಉಳಿದ ಮೂಳೆಗಳಿಂದ ಕ್ಯಾಲ್ಸಿಯಂ ತೆಗೆದು ಸರಿದೂಗಿಸುತ್ತವೆ. ಡೆನೊಸುಮ್ಯಾಬ್ ಅಥವಾ ಝೊಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ಮಾಡುವ ಕೆಲಸವೇ ಮೂಳೆ ಕರಗುವುದನ್ನು ನಿಲ್ಲಿಸುವುದು. ಅಂದರೆ ಸರಿದೂಗಿಸುವ ಆ ದಾರಿ ಮುಚ್ಚುತ್ತದೆ, ಗಡ್ಡೆಗಳು ಕ್ಯಾಲ್ಸಿಯಂ ಎಳೆದುಕೊಳ್ಳುವುದು ಮಾತ್ರ ನಡೆದೇ ಇರುತ್ತದೆ. ಆಗ ಉಳಿಯುವ ಮುಖ್ಯ ಮೂಲ ಆಹಾರದ ಕ್ಯಾಲ್ಸಿಯಂ, ಮತ್ತು ಅದನ್ನು ಕರುಳು ಸರಿಯಾಗಿ ಹೀರಿಕೊಳ್ಳಬೇಕಾದರೆ ವಿಟಮಿನ್ ಡಿ ಬೇಕೇ ಬೇಕು. 2011ರಲ್ಲಿ ಪ್ರಕಟವಾದ, ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ ಸುಮಾರು 1,900 ಮಂದಿಯ ಅಧ್ಯಯನದಲ್ಲಿ, ನಾಲ್ಕು ವಾರಕ್ಕೊಮ್ಮೆ 120 ಮಿ.ಗ್ರಾಂ ಡೆನೊಸುಮ್ಯಾಬ್ ಪಡೆದವರಲ್ಲಿ ಶೇ. 13 ಮಂದಿಗೂ ಝೊಲೆಡ್ರೊನಿಕ್ ಆಮ್ಲ ಪಡೆದವರಲ್ಲಿ ಶೇ. 6 ಮಂದಿಗೂ ರಕ್ತದ ಕ್ಯಾಲ್ಸಿಯಂ ಕುಸಿದಿತ್ತು. ವಿಟಮಿನ್ ಡಿ ಕೊರತೆ ಅಥವಾ ಕಿಡ್ನಿಯ ತೊಂದರೆ ಇದ್ದವರಲ್ಲಿ ಈ ಅಪಾಯ ಮತ್ತಷ್ಟು ಹೆಚ್ಚು. ಆದ್ದರಿಂದ ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು (ಕಿಡ್ನಿಯ ಸ್ಥಿತಿ ತಿಳಿಸುವ) ಕ್ರಿಯಾಟಿನಿನ್ ಪರೀಕ್ಷೆಗಳಾಗಿ, ಕೊರತೆಯಿದ್ದರೆ ಅದು ತುಂಬಿರಬೇಕು. ನೀವು ವೈದ್ಯರನ್ನು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಿರಿ ಎಂದು ಹೇಳುತ್ತೇನೆ. ಹಲ್ಲಿನ ವೈದ್ಯರಿಗೆ ತೋರಿಸುವುದೂ ಅದೇ ವೇಳೆಗೆ ಮುಗಿದರೆ ಒಳ್ಳೆಯದು, ಏಕೆಂದರೆ ಈ ಇಂಜೆಕ್ಷನ್ ನಡೆಯುವಾಗ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಮಾಯದೆ ಉಳಿಯುವ ಅಪಾಯವಿದೆ.

ಕ್ಯಾಲ್ಸಿಯಂ ವರದಿ ಓದುವಾಗ ಒಂದು ಸೂಕ್ಷ್ಮವಿದೆ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್‌ಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಊಟ ಸೇರದೆ ಸೊರಗಿದ ರೋಗಿಯಲ್ಲಿ ಆಲ್ಬುಮಿನ್ ಇಳಿದಿದ್ದರೆ, ನಿಜವಾದ ಕೊರತೆ ಇಲ್ಲದಿದ್ದರೂ ಒಟ್ಟು ಕ್ಯಾಲ್ಸಿಯಂ ಕಡಿಮೆ ಕಾಣುತ್ತದೆ. ಆದ್ದರಿಂದ ಆಲ್ಬುಮಿನ್ ಲೆಕ್ಕ ಹಿಡಿದು ತಿದ್ದಿದ ಅಂಕಿಯನ್ನೋ ಅಯಾನೀಕೃತ (ಯಾವುದಕ್ಕೂ ಅಂಟದೆ ಬಿಡಿಯಾಗಿರುವ) ಕ್ಯಾಲ್ಸಿಯಂ ಪರೀಕ್ಷೆಯನ್ನೋ ನೋಡಬೇಕಾಗುತ್ತದೆ.

ಎಷ್ಟು ಕೊಡಬೇಕು ಎಂಬುದನ್ನು 25-ಹೈಡ್ರಾಕ್ಸಿ ವಿಟಮಿನ್ ಡಿ ಎಂಬ ರಕ್ತಪರೀಕ್ಷೆ ತೀರ್ಮಾನಿಸುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ 2011ರ ವರದಿಯ ಪ್ರಕಾರ ಒಂದು ಮಿ.ಲೀ. ರಕ್ತದಲ್ಲಿ 20 ನ್ಯಾನೊಗ್ರಾಂ ಇದ್ದರೆ ಬಹುತೇಕ ಎಲ್ಲರಿಗೂ ಸಾಕು, 12ಕ್ಕಿಂತ ಕೆಳಗಿದ್ದರೆ ಕೊರತೆ. ಮೂಳೆಯ ಚಿಕಿತ್ಸೆ ಪಡೆಯುವವರಲ್ಲಿ 30ರ ಆಸುಪಾಸು ಇರಲಿ ಎಂದು ಬಯಸುವ ವೈದ್ಯರೂ ಇದ್ದಾರೆ. ಕೆಲವು ಪ್ರಯೋಗಾಲಯಗಳು ನ್ಯಾನೊಮೋಲ್ ಲೆಕ್ಕದಲ್ಲಿ ವರದಿ ಕೊಡುತ್ತವೆ, ಆಗ ಅಂಕಿಯನ್ನು ಎರಡೂವರೆಯಿಂದ ಭಾಗಿಸಿ ನೋಡಬೇಕು. ಕೊರತೆ ಇಲ್ಲದವರಿಗೆ ದಿನಕ್ಕೆ 800ರಿಂದ 1,000 ಯೂನಿಟ್ ಸಾಮಾನ್ಯವಾಗಿ ಕೊಡುವ ಪ್ರಮಾಣ. ಕೊರತೆ ಇದ್ದರೆ ಕೆಲವು ವಾರ ಹೆಚ್ಚಿನ ಪ್ರಮಾಣ ಕೊಟ್ಟು, ಸುಮಾರು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡುತ್ತಾರೆ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4,000 ಯೂನಿಟ್ ದಾಟಬಾರದು. ಕ್ಯಾಲ್ಸಿಯಂ ಆಹಾರವೂ ಮಾತ್ರೆಯೂ ಸೇರಿ ದಿನಕ್ಕೆ 1,000ದಿಂದ 1,200 ಮಿ.ಗ್ರಾಂ ಸಾಕು. ಇಂಜೆಕ್ಷನ್ ನಂತರ ರಕ್ತದ ಮಟ್ಟ ನೋಡಿ ವೈದ್ಯರು ಇದನ್ನು ಹೆಚ್ಚಿಸಬಹುದು.

ಹೆಚ್ಚಿನ ಪ್ರಮಾಣದ ಬಗ್ಗೆ ನನಗಿರುವ ಅನುಮಾನಕ್ಕೆ ಇನ್ನೊಂದು ಕಾರಣ, ಮೂಳೆಯ ಮೇಲೆಯೇ ಅದು ತೋರಿಸಿದ ಪರಿಣಾಮ. ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾದವು. ಹಾರ್ಮೋನ್ ಚಿಕಿತ್ಸೆಯಿಂದ ಸ್ನಾಯು ಸೊರಗಿ ಮೊದಲೇ ಹೆಜ್ಜೆ ತಡವರಿಸುವವರ ವಿಷಯದಲ್ಲಿ ಇದನ್ನು ಮರೆಯುವಂತಿಲ್ಲ. ವಾರಕ್ಕೊಮ್ಮೆ ನುಂಗಬೇಕಾದ 50,000 ಅಥವಾ 60,000 ಯೂನಿಟ್ಟಿನ ಗುಳಿಗೆಯನ್ನು ತಪ್ಪಿ ದಿನವೂ ನುಂಗಿ ವಿಷಮಟ್ಟಕ್ಕೆ ಹೋದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆಗ ರಕ್ತದ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಕರಿಕೆ, ಪದೇಪದೇ ಮೂತ್ರ, ಮಂಪರು ಕಾಣಿಸುತ್ತವೆ. ಇವೆಲ್ಲವನ್ನೂ ರೋಗದ ಅಥವಾ ನೋವಿನ ಮಾತ್ರೆಯ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಟಾನಿಕ್‌ಗಳ ಲೇಬಲ್ ಒಮ್ಮೆ ಕೂಡಿಸಿ ನೋಡಿರಿ, ಏಕೆಂದರೆ ಕ್ಯಾಲ್ಸಿಯಂ ಮಾತ್ರೆಯಲ್ಲೂ ಮಲ್ಟಿವಿಟಮಿನ್‌ನಲ್ಲೂ ವಿಟಮಿನ್ ಡಿ ಸೇರಿರುತ್ತದೆ. ಲೇಬಲ್ ಮೈಕ್ರೊಗ್ರಾಂನಲ್ಲಿದ್ದರೆ 1 ಮೈಕ್ರೊಗ್ರಾಂಗೆ 40 ಯೂನಿಟ್. ಕ್ಯಾಲ್ಸಿಟ್ರಿಯಾಲ್ ಅಥವಾ ಆಲ್ಫಾಕ್ಯಾಲ್ಸಿಡಾಲ್ ಎಂದು ಬರೆದಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಅವು ಮೈಕ್ರೊಗ್ರಾಂನ ಭಾಗಗಳಲ್ಲೇ ಕೆಲಸ ಮಾಡುವ ಪ್ರಬಲ ಔಷಧಗಳು, ಸಾದಾ ವಿಟಮಿನ್ ಡಿಗೆ ಬದಲಿಯಾಗಿ ತೆಗೆದುಕೊಳ್ಳುವಂಥವಲ್ಲ. ಕಿಡ್ನಿ ಕಲ್ಲಿನ ತೊಂದರೆ ಇದ್ದರೆ, ರಕ್ತದೊತ್ತಡಕ್ಕೆ ಥಯಾಜೈಡ್ ಗುಂಪಿನ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮೂಳೆಯ ಇಂಜೆಕ್ಷನ್ ಶುರುವಾದ ಮೇಲಿನ ಮೊದಲ ಕೆಲವು ವಾರ ತಂದೆಯವರನ್ನು ಗಮನಿಸುತ್ತಿರಿ. ತುಟಿಯ ಸುತ್ತ ಅಥವಾ ಬೆರಳ ತುದಿಗಳಲ್ಲಿ ಜುಮುಗುಟ್ಟುವಿಕೆ, ಕೈ ಅಥವಾ ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ಎದೆಬಡಿತ ತಪ್ಪುವುದು ಕಂಡುಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ದು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿರಿ, ಡೆನೊಸುಮ್ಯಾಬ್ ಅಥವಾ ಝೊಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ಆಗಿದೆ ಎಂಬುದನ್ನು ಅಲ್ಲಿಯ ವೈದ್ಯರಿಗೆ ಮೊದಲು ಹೇಳಿರಿ.