ಕರಾವಳಿಯವರಿಗೆ ವಿದೇಶದ ಸ್ಕೀ ರಿಸಾರ್ಟ್‌ನಲ್ಲಿ ಚಳಿಗಾಲದ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ನನ್ನ ಊರು ಉಡುಪಿಯ ಹತ್ತಿರ. ವಯಸ್ಸು 24. ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಮುಗಿಸಿ ಮಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೆನಡಾದ ಸ್ಕೀ ರಿಸಾರ್ಟ್ ಒಂದರಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕೆಲಸ ಕೊಡಿಸುವುದಾಗಿ ಹೇಳಿ ಒಬ್ಬರು ಮೂರೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ನಾನು ಹಿಮವನ್ನೇ ಕಂಡವನಲ್ಲ, ಸ್ಕೀ ಮಾಡಲು ಬರುವುದಿಲ್ಲ. ಇಂಥ ಕೆಲಸ ನಮ್ಮಂಥವರಿಗೆ ನಿಜವಾಗಿ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಆದರೆ ಆ ವ್ಯಕ್ತಿ ತೋರಿಸುತ್ತಿರುವ ದಾರಿಯಲ್ಲಿ ಸಿಗುವ ಸಾಧ್ಯತೆ ತೀರಾ ಕಡಿಮೆ. ಈ ಉತ್ತರವನ್ನು ಪೂರ್ತಿ ಓದುವವರೆಗೆ ದಯವಿಟ್ಟು ಅವರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ, ಮೂಲ ಪಾಸ್‌ಪೋರ್ಟನ್ನಂತೂ ಕೈಬಿಡಲೇಬೇಡಿ.

ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲಿರುವ ಅಳುಕನ್ನು ಮೊದಲು ನಿವಾರಿಸುತ್ತೇನೆ. ಸ್ಕೀ ರಿಸಾರ್ಟ್ ಎಂದರೆ ಬಹುಪಾಲು ಹೋಟೆಲು, ಅಡುಗೆಮನೆ, ಲಾಂಡ್ರಿ, ಸ್ಕೀ ಬಾಡಿಗೆಗೆ ಕೊಡುವ ಅಂಗಡಿ, ಟಿಕೆಟ್ ಕೌಂಟರ್ ಮತ್ತು ಜನರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟುಗಳು. ಇವುಗಳಲ್ಲಿ ದುಡಿಯಲು ಸ್ಕೀ ಬರಲೇಬೇಕೆಂಬ ನಿಯಮವಿಲ್ಲ. ಅದು ಬೇಕಾಗುವುದು ತರಬೇತುದಾರರಿಗೆ, ಅಪಘಾತವಾದಾಗ ನೆರವಿಗೆ ಧಾವಿಸುವ ತಂಡದವರಿಗೆ ಮತ್ತು ಬೆಟ್ಟದ ಮೇಲೆ ಓಡಾಡುವ ಕೆಲವೇ ಹುದ್ದೆಯವರಿಗೆ. ಮಧ್ಯಾಹ್ನದ ರಶ್ಶಿನಲ್ಲಿ ಮೂರು ತಾಸು ನಿಂತಲ್ಲೇ ನಿಂತು ಕೈ ನಿಲ್ಲಿಸದೆ ಕೆಲಸ ಮಾಡಬಲ್ಲ ಉಡುಪಿ, ಮಂಗಳೂರಿನ ಹೋಟೆಲ್ ಹುಡುಗನಲ್ಲಿ ಅಲ್ಲಿನ ಮಾಲೀಕರಿಗೆ ಬೇಕಾದ ಮುಖ್ಯ ಅರ್ಹತೆ ಆಗಲೇ ಇದೆ. ತೊಡಕಿರುವುದು ಕೆಲಸದಲ್ಲಲ್ಲ, ವೀಸಾದಲ್ಲಿ. ಸ್ಕೀ ಋತುವಿನ ಕೆಲಸದ ಬಗ್ಗೆ ಅಂತರ್ಜಾಲದಲ್ಲಿ ಕಾಣುವ ಉತ್ಸಾಹದ ಬರಹಗಳಲ್ಲಿ ಹೆಚ್ಚಿನವು ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡಿನ ಪಾಸ್‌ಪೋರ್ಟ್ ಇರುವವರು ಬರೆದವು. ಅವರಿಗೆ ಸುಲಭವಾಗಿ ಸಿಗುವ ವೀಸಾ ನಮಗೂ ಸಿಗುತ್ತದೆಂದು ತಿಳಿಯುವುದರಿಂದಲೇ ನಮ್ಮ ಹುಡುಗರು ಹಣ ಕಳೆದುಕೊಳ್ಳುತ್ತಾರೆ.

ಕೆನಡಾವನ್ನೇ ನೋಡಿ. ವಿಸ್ಲರ್, ಬ್ಯಾನ್ಫ್, ಲೇಕ್ ಲೂಯಿಸ್‌ನಂಥ ಊರುಗಳಲ್ಲಿ ಪ್ರತಿ ಚಳಿಗಾಲ ವಿದೇಶಿ ಯುವಕರ ದೊಡ್ಡ ಪಡೆಯೇ ದುಡಿಯುತ್ತದೆ. ಅವರಲ್ಲಿ ಬಹುತೇಕರು ಬರುವುದು ಇಂಟರ್‌ನ್ಯಾಷನಲ್ ಎಕ್ಸ್‌ಪೀರಿಯನ್ಸ್ ಕೆನಡಾ ಎಂಬ ಯೋಜನೆಯಡಿ ಸಿಗುವ ವರ್ಕಿಂಗ್ ಹಾಲಿಡೇ ಪರವಾನಗಿಯಲ್ಲಿ (ದೇಶ ಸುತ್ತುತ್ತಲೇ ದುಡಿಯಲೂ ಬಿಡುವ ಪರವಾನಗಿ ಇದು), ಮತ್ತು ಆ ಯೋಜನೆಯ ಪಾಲುದಾರ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಭಾರತೀಯರಿಗೆ ಉಳಿಯುವ ಸಾಮಾನ್ಯ ದಾರಿ ಎಂದರೆ ಅಲ್ಲಿನ ಮಾಲೀಕರು ಎಲ್‌ಎಂಐಎ ಎಂಬ ಅನುಮತಿ ಪಡೆದು ಕರೆಸಿಕೊಳ್ಳುವುದು. ಅದಕ್ಕಾಗಿ ಅವರು ಮೊದಲು ಸ್ಥಳೀಯವಾಗಿ ಜಾಹೀರಾತು ಕೊಟ್ಟು, ಆ ಕೆಲಸಕ್ಕೆ ಕೆನಡಾದವರು ಸಿಗಲಿಲ್ಲವೆಂದು ಸರ್ಕಾರಕ್ಕೆ ತೋರಿಸಬೇಕು. ಹುದ್ದೆಯೊಂದಕ್ಕೆ 1,000 ಕೆನಡಿಯನ್ ಡಾಲರ್ ಶುಲ್ಕ ಕಟ್ಟಬೇಕು. ಆ ಶುಲ್ಕವನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ನಾಲ್ಕು ತಿಂಗಳ ಕೆಲಸಕ್ಕೆ, ಅದೂ ವರ್ಕಿಂಗ್ ಹಾಲಿಡೇಯವರು ಬಾಗಿಲಲ್ಲೇ ಸಾಲುಗಟ್ಟಿರುವಾಗ, ರಿಸಾರ್ಟೊಂದು ಇಷ್ಟು ಶ್ರಮ ವಹಿಸುವುದು ಅಪರೂಪ. ಅನುಭವಿ ಅಡುಗೆಯವರಿಗೆ ವರ್ಷವಿಡೀ ನಡೆಯುವ ಹೋಟೆಲುಗಳಿಂದ ಇಂಥ ಕರೆ ಬರುವುದುಂಟು, ಆದರೆ ಅದು ಒಂದು ಋತುವಿನ ಕೆಲಸವಲ್ಲ.

‘ವಿಸಿಟರ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಿ’ ಎಂಬ ಮಾತನ್ನೂ ನೀವು ಕೇಳಿರಬಹುದು. ಕೋವಿಡ್ ಕಾಲದಲ್ಲಿ ಕೆನಡಾ ಅಂಥದೊಂದು ತಾತ್ಕಾಲಿಕ ಸೌಲಭ್ಯ ಕೊಟ್ಟಿದ್ದು ನಿಜ. 2024ರ ಆಗಸ್ಟ್ 28ರಂದು ಅದನ್ನು ನಿಲ್ಲಿಸಲಾಗಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಡುಗೆಮನೆಯಲ್ಲಿ ದುಡಿಯುವವನಿಗೆ ಸಂಬಳ ಬಾರದಿದ್ದರೂ ದೂರು ಕೊಡುವ ಧೈರ್ಯ ಇರುವುದಿಲ್ಲ, ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ಕಲ್ಲು ಬೀಳುತ್ತದೆ.

ಇನ್ನು ಮೂರೂವರೆ ಲಕ್ಷದ ವಿಷಯ. ಗಲ್ಫ್ ದೇಶಗಳಿಗೆ ಹೋಗಿ ಬಂದವರು ಮನೆಮನೆಯಲ್ಲಿರುವ ನಮ್ಮ ಜಿಲ್ಲೆಗಳಲ್ಲೂ ಈ ನಿಯಮ ಹಲವರಿಗೆ ತಿಳಿದಿಲ್ಲವೆಂಬುದು ಬೇಸರದ ಸಂಗತಿ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳುಹಿಸುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡು ಪರವಾನಗಿ ಪಡೆದಿರಲೇಬೇಕು. ಅಂಥ ನೋಂದಾಯಿತ ಏಜೆಂಟರು ಕೂಡ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ನಿಮ್ಮಿಂದ ಕೇಳಿರುವ ಮೊತ್ತ ಅದರ ಹತ್ತು ಪಟ್ಟನ್ನೂ ಮೀರಿದೆ. ಸ್ಟೂಡೆಂಟ್ ವೀಸಾ ಮಾಡಿಕೊಡುವ ಕನ್ಸಲ್ಟೆನ್ಸಿಯ ಬೋರ್ಡು ಎಷ್ಟೇ ದೊಡ್ಡದಿರಲಿ, ಕೆಲಸಕ್ಕೆ ಕಳುಹಿಸುವ ಹಕ್ಕನ್ನು ಅದು ಕೊಡುವುದಿಲ್ಲ. ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಎಲ್ಲರಿಗೂ ತೆರೆದಿದೆ. ಆ ವ್ಯಕ್ತಿಯ ಸಂಸ್ಥೆಯ ಹೆಸರು ಅಲ್ಲಿದೆಯೇ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನೀವೇ ನೋಡಿ. ವಿಸ್ಲರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕಾನೂನು ಕೂಡ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಹಣ ಪಡೆಯುವುದನ್ನು ನಿಷೇಧಿಸುತ್ತದೆ.

ಹಾಗಾದರೆ ಯಾವ ದಾರಿ ತೆರೆದಿದೆ? ನಿಮ್ಮ ವಯಸ್ಸಿಗೆ ಮತ್ತು ಪದವಿಗೆ ಅತ್ಯಂತ ಸಮೀಪದ್ದು ಆಸ್ಟ್ರೇಲಿಯಾ. ಅಲ್ಲಿನ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸಬ್‌ಕ್ಲಾಸ್ 462, 2024ರಿಂದ ಭಾರತೀಯರಿಗೂ ದೊರೆಯುತ್ತಿದೆ. 18ರಿಂದ 30 ವರ್ಷದೊಳಗಿನವರಿಗೆ ವರ್ಷಕ್ಕೆ 1,000 ವೀಸಾ, ಹನ್ನೆರಡು ತಿಂಗಳ ಅವಧಿ, ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಕೆಲಸ. ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು, ಸಾಧಾರಣ ಮಟ್ಟದ ಇಂಗ್ಲಿಷ್, ಆರಂಭದ ಖರ್ಚಿಗೆ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇರುವುದರ ದಾಖಲೆ ಬೇಕು. ಆಯ್ಕೆ ನಡೆಯುವುದು ಚೀಟಿ ಎತ್ತಿದಂತೆ, ಬ್ಯಾಲಟ್ ಮೂಲಕ. ಅದಕ್ಕೆ ಪಾಸ್‌ಪೋರ್ಟ್, ಪಾನ್ ಕಾರ್ಡ್ ಮತ್ತು 25 ಆಸ್ಟ್ರೇಲಿಯನ್ ಡಾಲರ್ ಶುಲ್ಕ ಸಾಕು. ಮೊದಲ ವರ್ಷ ಎರಡೇ ವಾರದಲ್ಲಿ ಸುಮಾರು 40,000 ಮಂದಿ ಹೆಸರು ನೋಂದಾಯಿಸಿದ್ದರು ಎಂಬುದನ್ನು ಮರೆಯದೆ ಹೇಳಬೇಕು: ಅದೃಷ್ಟ ಬೇಕು, ಮತ್ತು ಯಾವ ಏಜೆಂಟನೂ ಆ ಅದೃಷ್ಟವನ್ನು ಮಾರಲಾರ. ಹೆಸರು ಬಂದರೆ ಮಾತ್ರ ಮುಂದಿನ ವೀಸಾ ಅರ್ಜಿ, ಅದರ ದೊಡ್ಡ ಶುಲ್ಕ.

ದಕ್ಷಿಣ ಗೋಲಾರ್ಧವಾದ್ದರಿಂದ ಅಲ್ಲಿನ ಸ್ಕೀ ಕಾಲ ಜೂನ್‌ನಿಂದ ಅಕ್ಟೋಬರ್ ಆರಂಭದವರೆಗೆ. ನಮ್ಮಲ್ಲಿ ಆಟಿ ತಿಂಗಳ ಮಳೆ ಸುರಿಯುವಾಗ ನ್ಯೂ ಸೌತ್ ವೇಲ್ಸ್‌ನ ಥ್ರೆಡ್‌ಬೋ ಮತ್ತು ಪೆರಿಷರ್‌ನಲ್ಲಿ, ವಿಕ್ಟೋರಿಯಾದ ಫಾಲ್ಸ್ ಕ್ರೀಕ್, ಹೊಥಮ್, ಬುಲ್ಲರ್ ಬೆಟ್ಟಗಳಲ್ಲಿ ಹಿಮದ ಭರಾಟೆ. ಈ ರಿಸಾರ್ಟುಗಳು ವರ್ಷದ ಮೊದಲ ತಿಂಗಳುಗಳಲ್ಲೇ ತಮ್ಮ ಜಾಲತಾಣಗಳಲ್ಲಿ ನೇರವಾಗಿ ಅರ್ಜಿ ಕರೆಯುತ್ತವೆ, ಸಂದರ್ಶನವನ್ನು ವಿಡಿಯೊ ಮೂಲಕ ಮಾಡುತ್ತವೆ. ಉಳಿದ ತಿಂಗಳುಗಳಲ್ಲಿ ಅದೇ ವೀಸಾದಲ್ಲಿ ನಗರದ ಹೋಟೆಲುಗಳಲ್ಲಿ ದುಡಿಯಬಹುದು.

ಯುರೋಪಿನಲ್ಲೂ ಕಾನೂನುಬದ್ಧ ದಾರಿ ಇದೆ, ಆದರೆ ಅದು ಮಾಲೀಕರ ಕೈಯಲ್ಲಿದೆ. ಐರೋಪ್ಯ ಒಕ್ಕೂಟದ 2014ರ ಋತುಮಾನ ಕೆಲಸಗಾರರ ನಿರ್ದೇಶನದ ಪ್ರಕಾರ ಹೊರಗಿನ ದೇಶದವರನ್ನು ಕೃಷಿ, ಪ್ರವಾಸೋದ್ಯಮಗಳಂಥ ಕೆಲಸಗಳಿಗೆ ಹನ್ನೆರಡು ತಿಂಗಳಲ್ಲಿ ಗರಿಷ್ಠ ಐದರಿಂದ ಒಂಬತ್ತು ತಿಂಗಳು, ಆಯಾ ದೇಶದ ಕಾನೂನಿನಂತೆ, ಕರೆಸಿಕೊಳ್ಳಬಹುದು. ಆಸ್ಟ್ರಿಯಾದಲ್ಲಿ ಇದಕ್ಕೆ ಮಿತಿಸಂಖ್ಯೆಯಿದೆ. ಇಟಲಿ ಆದೇಶ ಹೊರಡಿಸಿ ಆಯಾ ವರ್ಷದ ಸಂಖ್ಯೆ ಗೊತ್ತುಪಡಿಸುತ್ತದೆ. ಋತುಮಾನ ಕೆಲಸಕ್ಕೆ ಅರ್ಹವಾದ ದೇಶಗಳಲ್ಲಿ ಭಾರತವೂ ಸೇರಿದೆ, ಆದರೆ ಅರ್ಜಿ ಹಾಕಬೇಕಾದವರು ಅಲ್ಲಿನ ಹೋಟೆಲಿನವರು. ಅಡುಗೆಯವರಾಗಿ ಅನುಭವವಿದ್ದು, ಜರ್ಮನ್ ಅಥವಾ ಇಟಾಲಿಯನ್ ಭಾಷೆಯ ಮೊದಲ ಹಂತ ಕಲಿತವರ ಅರ್ಜಿಗೆ ತೂಕ ಬರುತ್ತದೆ. ಒಮ್ಮೆ ನಿಯಮದಂತೆ ದುಡಿದು ಹೊತ್ತಿಗೆ ಸರಿಯಾಗಿ ಮರಳಿದವರಿಗೆ ಮುಂದಿನ ವರ್ಷ ಮತ್ತೆ ಹೋಗುವುದನ್ನು ಸುಲಭಗೊಳಿಸಬೇಕೆಂದೂ ಆ ನಿರ್ದೇಶನ ಹೇಳುತ್ತದೆ. ಇನ್ನೊಂದು ಅಂಶ ನಿಮ್ಮ ಗಮನದಲ್ಲಿರಲಿ: ಮಾಲೀಕರೇ ವಸತಿ ಕೊಟ್ಟರೆ ಬಾಡಿಗೆ ಸಂಬಳಕ್ಕೆ ಹೋಲಿಸಿದಾಗ ವಿಪರೀತವಾಗಿರಬಾರದು, ಮತ್ತು ಅದನ್ನು ಸಂಬಳದಿಂದ ತಾನಾಗಿಯೇ ಕಡಿದುಕೊಳ್ಳುವಂತಿಲ್ಲ.

ಅಮೆರಿಕ ಮತ್ತು ಜಪಾನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಸ್ಕೀ ಊರುಗಳಲ್ಲಿ ಕಾಣುವ ವಿದೇಶಿ ವಿದ್ಯಾರ್ಥಿಗಳಲ್ಲಿ ಅರ್ಜೆಂಟೀನಾ, ಪೆರುಗಳವರು ಹೆಚ್ಚು, ಏಕೆಂದರೆ ಡಿಸೆಂಬರಿನಲ್ಲಿ ಅವರಿಗೆ ಬೇಸಿಗೆ ರಜೆ. ನಮ್ಮ ಕಾಲೇಜುಗಳ ರಜೆ ಅದಕ್ಕೆ ಹೊಂದುವುದಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಜೆ-1 ಇಂಟರ್ನ್ ಅಥವಾ ಟ್ರೇನಿ ವೀಸಾದಲ್ಲಿ ಗರಿಷ್ಠ ಹನ್ನೆರಡು ತಿಂಗಳ ತರಬೇತಿಗೆ ಅವಕಾಶವಿದೆ, ಅದರಲ್ಲಿ ಪರ್ವತದ ರಿಸಾರ್ಟುಗಳೂ ಸೇರಬಹುದು. ಜಪಾನಿನ ನಿಸೆಕೊ, ಹಕುಬಾದಂಥ ಸ್ಕೀ ಊರುಗಳಿಗೆ ವರ್ಕಿಂಗ್ ಹಾಲಿಡೇಯಲ್ಲಿ ಹೋಗುವ ಸೌಲಭ್ಯ ನಮಗಿಲ್ಲ. 2019ರಲ್ಲಿ ಆರಂಭವಾದ ಅವರ ವಿಶೇಷ ಕೌಶಲ ವೀಸಾ ಭಾರತೀಯರಿಗೂ ಸಿಗುತ್ತದಾದರೂ ಅದಕ್ಕೆ ಜಪಾನಿ ಭಾಷೆಯ ಮತ್ತು ಕೌಶಲದ ಪರೀಕ್ಷೆಗಳನ್ನು ಪಾಸು ಮಾಡಬೇಕು. ಅದು ಕೆಲವು ವರ್ಷಗಳ ಪೂರ್ಣಾವಧಿ ಕೆಲಸಕ್ಕೆ ಹೊರತು ಒಂದು ಚಳಿಗಾಲಕ್ಕಲ್ಲ.

ಕೆಲಸ ಹೇಗಿರುತ್ತದೆ ಎಂಬುದನ್ನೂ ತಿಳಿದು ಹೊರಡಬೇಕು. ಆಲ್ಪ್ಸ್ ಪರ್ವತದ ಊರುಗಳಲ್ಲಿ ಅತಿಥಿಗಳು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಬರುತ್ತಾರೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಳಬರು ಖಾಲಿ ಮಾಡಿದರೆ ಸಂಜೆ ನಾಲ್ಕೈದಕ್ಕೆ ಹೊಸಬರು ಚೀಲ ಹೊತ್ತು ನಿಂತಿರುತ್ತಾರೆ. ಆ ನಡುವಿನ ಹೊತ್ತಿನಲ್ಲಿ ವಾರವಿಡೀ ಅಡುಗೆ ಮಾಡಿ ಉಂಡ ಮನೆಗಳ ಒಲೆ ಉಜ್ಜಿ, ಹಾಸಿಗೆ ಬದಲಿಸಿ, ಒದ್ದೆ ಬೂಟುಗಳ ಕೆಸರು ಒರೆಸಿ ಮುಗಿಸಬೇಕು. ಲಿಫ್ಟಿನಲ್ಲಿ ಕೆಲಸ ಮಾಡುವವರು ಅತಿಥಿಗಳಿಗಿಂತ ಮುಂಚೆ ಬೆಟ್ಟ ಹತ್ತಿ ರಾತ್ರಿ ಬಿದ್ದ ಹಿಮವನ್ನು ಕುರ್ಚಿಗಳಿಂದ ಗುಡಿಸುತ್ತಾರೆ, ಜನ ಹತ್ತುವ ಜಾಗವನ್ನು ಸಲಿಕೆಯಿಂದ ಸಮಮಾಡುತ್ತಾರೆ. ಆಮೇಲೆ ದಿನವಿಡೀ ಪ್ರತಿ ಕುರ್ಚಿಯನ್ನು ಕೈಯಲ್ಲಿ ತಡೆದು, ತಡವರಿಸುವ ಮಕ್ಕಳನ್ನು ಎತ್ತಿ ಕೂರಿಸುತ್ತಾರೆ. ಅಡುಗೆಮನೆ ಬೆಚ್ಚಗಿರುತ್ತದೆ ಎಂಬುದೊಂದು ಸಮಾಧಾನ, ಆದರೆ ಒಣಹವೆಯಲ್ಲಿ ಪಾತ್ರೆ ತೊಳೆಯುವ ಕೈಗಳು ಬಿರಿಯುತ್ತವೆ.

ಹಣದ ಲೆಕ್ಕವನ್ನು ಗಲ್ಫಿನ ರೀತಿಯಲ್ಲಿ ಹಾಕಬೇಡಿ. ಊಟ, ವಸತಿ, ಟಿಕೆಟ್ ಎಲ್ಲ ಕಂಪನಿಯದೇ ಎಂಬ ಪದ್ಧತಿ ಇಲ್ಲಿಲ್ಲ. ಆಸ್ಟ್ರೇಲಿಯಾದಲ್ಲಿ 2025ರ ಜುಲೈ 1ರಂದು ಜಾರಿಗೆ ಬಂದ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ವಾರಕ್ಕೆ 38 ಗಂಟೆ ಸಿಕ್ಕರೆ ಸುಮಾರು 948 ಡಾಲರ್. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಇರುವ ಶೇಕಡ 15 ತೆರಿಗೆ ಕಳೆದರೆ 806. ಆದರೆ ಹಿಮ ತಡವಾಗಿ ಬಿದ್ದ ವರ್ಷ ರಿಸಾರ್ಟು ಗಂಟೆಗಳನ್ನು ಕಡಿಮೆ ಮಾಡುತ್ತದೆ, ಮತ್ತು 20 ಗಂಟೆಯ ವಾರದಲ್ಲಿ ಕೈಗೆ ಬರುವುದು ಸುಮಾರು 424 ಡಾಲರ್ ಮಾತ್ರ, ಬಾಡಿಗೆಯಾದರೋ ಕಡಿಮೆಯಾಗುವುದಿಲ್ಲ. ಆದ್ದರಿಂದ ಕರಾರಿನಲ್ಲಿ ವಾರಕ್ಕೆ ಕನಿಷ್ಠ ಎಷ್ಟು ಗಂಟೆಯ ಭರವಸೆ ಇದೆ, ಸಿಬ್ಬಂದಿ ವಸತಿ ಇದೆಯೇ, ಒಂದು ಕೋಣೆಯಲ್ಲಿ ಎಷ್ಟು ಜನ, ಲಿಫ್ಟ್ ಪಾಸ್ ಉಚಿತವೇ ಎಂದು ಸಹಿ ಹಾಕುವ ಮುನ್ನ ಬರಹದಲ್ಲಿ ಕೇಳಿ. ಒಂದು ಋತುವಿಗಾಗಿ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಹೋಗಬೇಕಾದ ಪರಿಸ್ಥಿತಿಯಿದ್ದರೆ ಹೋಗಬೇಡಿ ಎಂದೇ ನನ್ನ ಸಲಹೆ. ಆ ನಾಲ್ಕು ತಿಂಗಳ ಉಳಿತಾಯದಲ್ಲಿ ಸಾಲ ತೀರುವುದು ಕಷ್ಟ.

ಚಳಿಯ ಬಗ್ಗೆ: ನಮ್ಮ ಹತ್ತಿಯ ಬನಿಯನ್ ಬೆವರನ್ನು ಹೀರಿ ಒದ್ದೆಯಾಗಿಯೇ ಇದ್ದು ಮೈಯ ಬಿಸಿಯನ್ನು ಕಸಿಯುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ನಡುವೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚಗಿನ ಬಟ್ಟೆ, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್ ಇರಬೇಕು. ಹೊರಗಿನ ಜಾಕೆಟನ್ನು ಬೆಟ್ಟದಲ್ಲಿ ದುಡಿಯುವವರಿಗೆ ಹೆಚ್ಚಾಗಿ ಸಂಸ್ಥೆಯೇ ಕೊಡುತ್ತದೆ. ಹೊಸ ಹಿಮ ಅತಿನೇರಳೆ ಕಿರಣಗಳ ಶೇಕಡ 80ರವರೆಗೆ ಪ್ರತಿಫಲಿಸುವುದರಿಂದ ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಶೋಕಿಯಲ್ಲ. ಬಿಡುವಿನಲ್ಲಿ ಸ್ಕೀ ಕಲಿಯುವ ಆಸೆಯಿದ್ದರೆ ಚಳಿಗಾಲದ ಕ್ರೀಡೆಗಳ ಅಪಘಾತವನ್ನು ಒಳಗೊಂಡ ವಿಮೆಯನ್ನೇ ಆರಿಸಿ, ಸಾಮಾನ್ಯ ಪ್ರವಾಸ ವಿಮೆಗಳು ಇದನ್ನು ಬಿಟ್ಟಿರುವುದುಂಟು. ಹೊರಡುವ ಮುಂಚೆಯೇ ಹಿಮದ ಪರಿಚಯ ಬೇಕೆಂದರೆ ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆಯೂ ಆರಂಭಿಕರಿಗೆ ತರಬೇತಿ ನೀಡುತ್ತವೆ.

ಆ ವ್ಯಕ್ತಿಗೆ ಈಗ ಏನು ಹೇಳಬೇಕೆಂದರೆ, ಮೂರು ಕಾಗದಗಳನ್ನು ಕೇಳಿ: ವಿದೇಶಾಂಗ ಸಚಿವಾಲಯದ ಪರವಾನಗಿಯ ಪ್ರತಿ, ರಿಸಾರ್ಟ್ ತನ್ನದೇ ಇಮೇಲ್ ವಿಳಾಸದಿಂದ ನಿಮ್ಮ ಹೆಸರಿಗೆ ಕಳುಹಿಸಿದ ಕರಾರು, ಮತ್ತು ಎಲ್‌ಎಂಐಎ ಮಂಜೂರಾತಿಯ ಪ್ರತಿ. ರಿಸಾರ್ಟಿನ ಅಧಿಕೃತ ಜಾಲತಾಣದಲ್ಲಿರುವ ವಿಳಾಸಕ್ಕೆ ನೀವೇ ಬರೆದು ಅವುಗಳನ್ನು ತಾಳೆ ನೋಡಿ. ಇದರ ಜೊತೆಗೆ, ಈಗಿನ ಹೋಟೆಲಿನಿಂದ ನೀವು ಯಾವ ವಿಭಾಗದಲ್ಲಿ ಎಷ್ಟು ಕಾಲ ದುಡಿದಿರೆಂದು ಸ್ಪಷ್ಟವಾಗಿ ನಮೂದಿಸಿದ ಅನುಭವ ಪತ್ರ ಪಡೆಯಿರಿ, ಪಾಸ್‌ಪೋರ್ಟಿನ ಅವಧಿ ಕಡಿಮೆ ಉಳಿದಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನವೀಕರಿಸಿಕೊಳ್ಳಿ, ಮತ್ತು ಆಸ್ಟ್ರೇಲಿಯಾದ ಗೃಹ ಇಲಾಖೆ ಮುಂದಿನ ಬ್ಯಾಲಟ್ ದಿನಾಂಕ ಪ್ರಕಟಿಸಿದ ಕೂಡಲೇ ನಿಮ್ಮದೇ ಖಾತೆ ತೆರೆದು ಹೆಸರು ನೋಂದಾಯಿಸಿ.