ಬ್ರಾಕ್ ಲೆಸ್ನರ್ ಗಾಳಿಯಲ್ಲಿದ್ದ ಆ ಒಂದು ಸೆಕೆಂಡ್

2003ರ ಮಾರ್ಚ್ 30. ಅಮೆರಿಕದ ಸಿಯಾಟಲ್‌ನಲ್ಲಿ ರೆಸಲ್‌ಮೇನಿಯಾ, ಅಂದರೆ ಡಬ್ಲ್ಯೂಡಬ್ಲ್ಯೂಇ ಎಂಬ ಮನರಂಜನಾ ಕುಸ್ತಿ ಕಂಪನಿಯ ವರ್ಷದ ದೊಡ್ಡ ಪ್ರದರ್ಶನ. ಆ ರಾತ್ರಿಯ ಕೊನೆಯ ಪಂದ್ಯ. ರಿಂಗಿನ ಮೂಲೆಯಲ್ಲಿ, ಮೇಲಿನ ಹಗ್ಗದ ಎತ್ತರದಲ್ಲಿ ಕುಸ್ತಿಪಟು ಬ್ರಾಕ್ ಲೆಸ್ನರ್ ನಿಂತಿದ್ದಾನೆ. ತೂಕ ಸುಮಾರು 130 ಕೆ.ಜಿ. ಎದುರಾಳಿ ಕರ್ಟ್ ಆಂಗಲ್ ದೂರದಲ್ಲಿ ಅಂಗಾತ ಬಿದ್ದಿದ್ದಾನೆ. ಲೆಸ್ನರ್ ಮುಂದಕ್ಕೆ ಜಿಗಿದ, ಜಿಗಿಯುತ್ತಲೇ ಹಿಂದಕ್ಕೆ ಪಲ್ಟಿ ಹೊಡೆದ. ಇದಕ್ಕೆ ಶೂಟಿಂಗ್ ಸ್ಟಾರ್ ಪ್ರೆಸ್ ಅಂತಾರೆ. ಸಾಮಾನ್ಯವಾಗಿ ಹಗುರ ಮೈಯವರು ಹಾಕುವ ಪಟ್ಟು ಅದು.

ಪಲ್ಟಿ ಪೂರ್ತಿ ಆಗಲಿಲ್ಲ. ಹಣೆ ಮೊದಲು ನೆಲಕ್ಕೆ ಬಡಿಯಿತು. ಎಷ್ಟು ಸಲ ನೋಡಿದ್ದರೂ ಆ ಕ್ಷಣಕ್ಕೆ ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ದಪ್ಪಗಿರುವವರು ನಿಧಾನ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಲೆಸ್ನರ್ ಹಾಗಿರಲಿಲ್ಲ. ಸೌತ್ ಡಕೋಟಾದ ವೆಬ್‌ಸ್ಟರ್ ಎಂಬ ಊರಿನ ಹತ್ತಿರ ಹಸು ಸಾಕುವ ಮನೆಯಲ್ಲಿ ಬೆಳೆದ ಹುಡುಗ. ಚಿಕ್ಕಂದಿನಿಂದಲೇ ಕುಸ್ತಿ. 2000ದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪರವಾಗಿ ಅಮೆರಿಕದ ಕಾಲೇಜು ಕುಸ್ತಿಯ ಹೆವಿವೇಟ್ ಚಾಂಪಿಯನ್ ಆದ. 2002ರಲ್ಲಿ, 25ನೇ ವಯಸ್ಸಿಗೇ, ದಿ ರಾಕ್ ಎಂಬ ಹೆಸರಾಂತ ಕುಸ್ತಿಪಟುವನ್ನು ಸೋಲಿಸಿ ಡಬ್ಲ್ಯೂಡಬ್ಲ್ಯೂಇ ಪಟ್ಟ ಪಡೆದ.

ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನ, ಬೇಗ ದಣಿಯುವುದಿಲ್ಲ. ಇನ್ನೊಂದು ಚುರುಕು, ಥಟ್ಟನೆ ಬಲ ಕೊಟ್ಟು ಬೇಗ ಸುಸ್ತಾಗುತ್ತದೆ. ಜಿಗಿತಕ್ಕೆ ಬೇಕಾದದ್ದು ಈ ಎರಡನೆಯದು. ಎಳೆಗಳಿದ್ದರೆ ಸಾಲದು, ಅವನ್ನೆಲ್ಲ ಒಟ್ಟಿಗೆ ಎಬ್ಬಿಸಲು ನರಗಳೂ ಪಳಗಿರಬೇಕು. ಬಾಲ್ಯದಿಂದ ಮಾಡಿದ ಸಾಧನೆ ಕೆಲಸಕ್ಕೆ ಬರುವುದು ಅಲ್ಲೇ.

ಹಾಗಾದರೆ ಆ ದಿನ ಏನಾಯಿತು? ಸ್ನಾಯುವನ್ನು ಬಾಳೆದಿಂಡಿನ ಹಾಗೆ ಅಡ್ಡಕ್ಕೆ ಕೊಯ್ದರೆ ಒಂದು ಬಿಲ್ಲೆ ಕಾಣುತ್ತದೆ ಅಲ್ವಾ? ಸ್ನಾಯುವಿನ ಬಲ ಆ ಬಿಲ್ಲೆಯ ವಿಸ್ತಾರಕ್ಕೆ ತಕ್ಕ ಹಾಗೆ ಇರುತ್ತದೆ. ಒಂದು ದೇಹವನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ಹಿಗ್ಗಿಸಿ ನೋಡಿ. ಬಲ 4 ಪಟ್ಟು ಹೆಚ್ಚುತ್ತದೆ, ತೂಕ 8 ಪಟ್ಟು. ಆ ದೇಹವನ್ನು ತಿರುಗಿಸುವ ಕಷ್ಟವಂತೂ 32 ಪಟ್ಟು! ಲೆಸ್ನರ್ ಯಾರಿಗೂ ಎರಡು ಪಟ್ಟು ದೊಡ್ಡವನಲ್ಲ, ನಿಜ. ಆದರೆ ಲೆಕ್ಕ ಸಾಗುವ ದಿಕ್ಕು ಇದೇ.

ಆ ಎತ್ತರದಿಂದ ಜಿಗಿದರೆ ಗಾಳಿಯಲ್ಲಿರುವುದು ಹೆಚ್ಚುಕಮ್ಮಿ ಒಂದು ಸೆಕೆಂಡ್. ಅಷ್ಟರೊಳಗೆ ಮುಕ್ಕಾಲು ಸುತ್ತು ತಿರುಗಿ ಬೋರಲು ಬೀಳಬೇಕು. ಕಾಲು ಹಗ್ಗ ಬಿಟ್ಟ ಮೇಲೆ ತಳ್ಳಲು ಏನೂ ಸಿಗುವುದಿಲ್ಲ. ಹೊರಡುವಾಗ ಎಷ್ಟು ತಿರುಗುಬಲ ಪಡೆದಿದ್ದೆವೋ ಅಷ್ಟೇ. ಮಂಡಿ ಮಡಚಿ ಮೈ ಮುದುಡಿಕೊಂಡರೆ ಸ್ವಲ್ಪ ಬೇಗ ತಿರುಗಬಹುದು. ಆದರೆ ಆಂಗಲ್ ದೂರದಲ್ಲಿದ್ದ. ದೂರ ಹಾರಬೇಕೆಂದರೆ ಮೊದಲೇ ಮುಂದಕ್ಕೆ ವಾಲಬೇಕು. ವಾಲಿದಷ್ಟೂ ಹಿಂದಕ್ಕೆ ಸಿಗುವ ತಿರುವು ಕಡಿಮೆ. ಕೆಂಟಕಿಯ ಲೂಯಿವಿಲ್‌ನಲ್ಲಿ ತರಬೇತಿ ಪಡೆಯುತ್ತಿದ್ದಾಗ ಇದೇ ಪಟ್ಟನ್ನು ಅವನು ಸರಿಯಾಗಿ ಹಾಕಿದ್ದ. ಆ ರಾತ್ರಿ ದೂರ ಜಾಸ್ತಿಯಾಯಿತು ಎಂಬುದೇ ನನ್ನ ಓದು.

ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 25 ಕಿ.ಮೀ. ಇರಬಹುದು. ತಲೆಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗೆ ದ್ರವದಲ್ಲಿ ತೇಲುವ ಮಿದುಳು ನಿಲ್ಲುವುದಿಲ್ಲ. ಲೆಸ್ನರ್‌ಗೆ ಮಿದುಳಿಗೆ ಪೆಟ್ಟಾಯಿತು. ಈ ಪಂದ್ಯಗಳಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿರ್ಧಾರವಾಗಿರುತ್ತದೆ. ಬೀಳುವುದು ಮಾತ್ರ ನಿಜವಾಗಿ ಬೀಳುವುದೇ. ಅಂಥ ಸ್ಥಿತಿಯಲ್ಲೂ ಎದ್ದು, ಆಂಗಲ್‌ನನ್ನು ಹೆಗಲ ಮೇಲೆತ್ತಿ ಎಸೆದು, ಅವನು ಪಂದ್ಯ ಮುಗಿಸಿದ.

ಮುಂದೆ ಅವನು ಯುಎಫ್‌ಸಿಗೆ, ಅಂದರೆ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾದಾಟದ ಪಂದ್ಯಗಳನ್ನು ನಡೆಸುವ ಸಂಸ್ಥೆಗೆ, ಹೋದ. ಅಲ್ಲಿ ಹೊಡೆತಗಳೂ ನಿಜ, ಫಲಿತಾಂಶವೂ ನಿಜ. ಗಾಳಿಯಲ್ಲಿ ಒಮ್ಮೆ ಲೆಕ್ಕ ತಪ್ಪಿದರೆ ತಿದ್ದಲು ದಾರಿಯಿಲ್ಲ. ನೆಲದ ಮೇಲೆ ಪ್ರತಿ ಹೆಜ್ಜೆಗೂ ತಿದ್ದಬಹುದು, ಪಾದ ಒತ್ತಿ ದಿಕ್ಕು ಬದಲಿಸಬಹುದು. ಭಾರವೂ ಅಲ್ಲಿ ಉಪಯೋಗಕ್ಕೆ ಬರುತ್ತದೆ. 2008ರ ನವೆಂಬರ್‌ನಲ್ಲಿ, ಇಂಥ ಕಾದಾಟದ ತನ್ನ 4ನೇ ಪಂದ್ಯದಲ್ಲೇ ಯುಎಫ್‌ಸಿ ಪಟ್ಟಕ್ಕೆ ಸೆಣಸಿದ. ಎದುರಿಗಿದ್ದವನು ಅನುಭವಿ ರ‍್ಯಾಂಡಿ ಕೂಚರ್. ಎರಡನೇ ಸುತ್ತಿನಲ್ಲಿ ಒಂದು ಬಲಗೈ ಹೊಡೆತಕ್ಕೆ ಕೂಚರ್ ನೆಲಕ್ಕೆ ಬಿದ್ದ. ಲೆಸ್ನರ್ ಕ್ಷಣದಲ್ಲಿ ಅವನ ಮೇಲಿದ್ದ.